ದನದ ಡಾಕ್ಟರು ಎಲೆಕ್ಷನ್ನಿಗೆ ನಿಂತದ್ದು

ಇಬ್ಬರು ನಿಂತ ಚುನಾವಣೆಯಲ್ಲಿ ಒಬ್ಬ ಗೆಲ್ತಾನೆ, ಒಬ್ಬ ಸೋಲ್ತಾನೆ, ಊರು ಮರೆತೂ ಬಿಡುತ್ತೆ. ಮೂರನೆಯವನೊಬ್ಬ ನಿಂತ ಅಂದರೆ ಮಾತ್ರ ದಿನಕ್ಕೊಂದು ತಮಾಷೆ ನಡೆದೇ ನಡೆಯುತ್ತೆ. ನಾನು ಅದನ್ನು ಹತ್ತಿರದಿಂದ ನೋಡಿದವನು.

ಯುದ್ಧದ ಕಾಲ. ನಮ್ಮದಿನ್ನೂ ಮಹಾರಾಜರ ಸೀಮೆ. ನಂದು ಮದ್ದೂರು ಪೇಟೆಯಲ್ಲಿ ಸೈಕಲ್ ಶಾಪು. ಮೈಸೂರಿನಲ್ಲಿ ಸೇರೋ ಸಭೆಗೆ ಚುನಾವಣೆ ಬಂತು. ಒಂದು ಕಡೆ ಖಾದಿ ಟೋಪಿಯವರು, ಇನ್ನೊಂದು ಕಡೆ ಜರಿ ರುಮಾಲಿನ ಜಮೀನ್ದಾರರು. ಇವರಿಬ್ಬರ ನಡುವೆ, ರಿಟೈರಾಗಿದ್ದ ನಮ್ಮ ದನದ ಡಾಕ್ಟರು ನಿಂತರು. ಮಳವಳ್ಳಿ ಕಡೆ ದನಗಳಿಗೊಂದು ಆಸ್ಪತ್ರೆ ಬೇಕು ಅಂತ ಅವರು ಇಪ್ಪತ್ತು ವರ್ಷ ಅರ್ಜಿ ಬರೆದಿದ್ದರು. ಒಂದಕ್ಕೂ ಉತ್ತರ ಬರಲಿಲ್ಲ. "ಬರೆದದ್ದು ಸಾಕು, ಈಗ ನಾನೇ ಹೋಗಿ ಕೇಳ್ತೀನಿ" ಅಂತ ಹೊರಟರು. ಬಾಡಿಗೆ ಸೈಕಲ್ ಕೇಳೋಕೆ ನನ್ನ ಅಂಗಡಿಗೆ ಬಂದವರು, ಸೈಕಲ್ ಜೊತೆಗೆ ನನ್ನನ್ನೂ ಏಜೆಂಟ್ ಮಾಡ್ಕೊಂಡು ಕರಕೊಂಡು ಹೋದರು. ನನಗೋ ಜಮೀನಿಲ್ಲ, ಜಮೀನಿಲ್ಲದ ಮೇಲೆ ಓಟೂ ಇಲ್ಲ. ಓಟಿಲ್ಲದ ಏಜೆಂಟು ನಾನೊಬ್ಬನೇ ಇರಬೇಕು.

ಎಮ್ಮೆಯ ಪರವಾಗಿ

ನಾಮಪತ್ರಕ್ಕೆ ಒಬ್ಬರು ಸೂಚಕರು ಬೇಕು. ಕಂದಾಯ ಕಟ್ಟೋ ದೊಡ್ಡ ಮನುಷ್ಯರೆಲ್ಲ ಆಗಲೇ ಆ ಇಬ್ಬರಿಗೆ ರುಜು ಹಾಕಿ ಕೂತಿದ್ದರು. ಎಲ್ಲರೂ ಡಾಕ್ಟರಿಗೆ ಕೈ ಮುಗಿಯೋರೇ, ಕಾಫಿ ಕೊಡೋರೇ. ಕಾಗದ ಕಂಡರೆ ಮಾತ್ರ "ಇರಿ, ಗದ್ದೆಗೆ ನೀರು ಕಟ್ಬೇಕು" ಅಂತ ಎದ್ದು ಹೋಗೋರು. ಕೊನೆಗೆ ಚಿಕ್ಕರಸಿನಕೆರೆಯ ಒಬ್ಬ ಗೌಡರು ಒಪ್ಪಿದರು. ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮದ್ದೂರಿನ ಅಮಲ್ದಾರರ ಮುಂದೆ ನಿಲ್ಲಿಸಿದೆ.

ಅಮಲ್ದಾರರು ಕಾಗದ ನೋಡಿ, ಗೌಡರನ್ನು ನೋಡಿ, "ಗೌಡ್ರೇ, ಅಷ್ಟು ಜನ ಮುಖಂಡರು ಆ ಕಡೆ ಈ ಕಡೆ ಇದ್ದಾರೆ. ನೀವು ಇವರನ್ನ ಯಾಕೆ ಸೂಚಿಸ್ತಿದ್ದೀರಿ?" ಅಂದರು.

"ನಮ್ಮೆಮ್ಮೆ ಜೀವ ಉಳ್ಸವ್ರೆ ಸ್ವಾಮಿ."

ಅಮಲ್ದಾರರಿಗೆ ನಗು. "ಎಮ್ಮೆಗೆ ಓಟಿಲ್ಲವಲ್ರೀ!"

"ಅದುಕ್ಕೇಯ ಸ್ವಾಮಿ, ಅದ್ರ ಬದ್ಲು ನಾನ್ ಬಂದಿವ್ನಿ."

ಮೂರನೇ ಬಣ್ಣ

ಆಗ ನಿಂತವರಿಗೆಲ್ಲ ಬೇರೆ ಬೇರೆ ಪೆಟ್ಟಿಗೆ, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕೋದು. ಓದು ಬಾರದ ಓಟುದಾರರಿಗೆ ಗೊತ್ತಾಗಲಿ ಅಂತ ಒಬ್ಬೊಬ್ಬರ ಪೆಟ್ಟಿಗೆಗೆ ಒಂದೊಂದು ಬಣ್ಣ. ಟೋಪಿಯವರಿಗೆ ಹಸಿರು, ರುಮಾಲಿನವರಿಗೆ ಹಳದಿ. ನಮ್ಮದೆಲ್ಲಿ ಅಂತ ಕಚೇರಿ ಗುಮಾಸ್ತರನ್ನು ಕೇಳಿದೆ.

"ಯಾವಾಗಲೂ ಇಬ್ಬರೇ ನಿಲ್ಲೋದು ಅಂತ ಎರಡೇ ಬಣ್ಣ ತರಿಸಿದ್ವಿ. ಮೂರನೇದಕ್ಕೆ ಬರೆದು ಹಾಕಿದೀನಿ. ಯುದ್ಧ ನೋಡಿ, ಬರೋದು ನಾಲ್ಕು ತಿಂಗಳಾಗಬಹುದು."

"ಚುನಾವಣೆ ಇರೋದು ಮುಂದಿನ ತಿಂಗಳಲ್ವಾ ಸ್ವಾಮಿ?"

"ಮುಂದಿನ ಸಲ ನಿಂತಾಗ ಉಪಯೋಗಕ್ಕೆ ಬರತ್ತೆ ಬಿಡಪ್ಪ."

ಡಾಕ್ಟರು ಸಿಟ್ಟಾಗಲಿಲ್ಲ. ಮನೆಗೆ ಹೋಗಿ, ದನಗಳ ಗಾಯಕ್ಕೆ ಹಚ್ಚೋ ನೇರಳೆ ಔಷಧದ ಸೀಸೆಗಳನ್ನು ತಂದರು. ನಮ್ಮ ಪಾಲಿನ ತಗಡಿನ ಪೆಟ್ಟಿಗೆಗಳಿಗೆಲ್ಲ ಅದನ್ನೇ ಬಳಿದೆವು. ಒಣಗಿದ ಮೇಲೆ ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ಆ ಔಷಧ ಹತ್ತಿದರೆ ವಾರಗಟ್ಟಲೆ ಹೋಗದು. ಪೆಟ್ಟಿಗೆಗಳನ್ನು ಎತ್ತಿ ಜೋಡಿಸಿದ ಗುಮಾಸ್ತರ ಎರಡೂ ಕೈ ನೇರಳೆ ಆದವು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ.

ಮೂರನೇ ದಿನ ಟೋಪಿಯವರೂ ರುಮಾಲಿನವರೂ ಒಂದೇ ಅರ್ಜಿಗೆ ರುಜು ಹಾಕಿ ಕೊಟ್ಟರು. ಅವರಿಬ್ಬರೂ ಒಂದಾಗಿದ್ದು ಅದೊಂದೇ ಸಲ. ಅರ್ಜಿಯಲ್ಲಿ ಹೀಗಿತ್ತು: 'ಸರ್ಕಾರಿ ನೌಕರರಾದ ಗುಮಾಸ್ತರು ಕಂಡಕಂಡವರಿಗೆಲ್ಲ ಎರಡೂ ಕೈ ಎತ್ತಿ ನಮಸ್ಕಾರ ಮಾಡಿ ಮೂರನೆಯವರ ಪ್ರಚಾರ ಮಾಡುತ್ತಿದ್ದಾರೆ.'

ಎತ್ತಿನ ಕಾಲು

ನಿಡಘಟ್ಟದಲ್ಲಿ ಡಾಕ್ಟರ ಭಾಷಣ. ಜನ ಸೇರಿದ್ದು ನೋಡಿ ನನಗೆ ಎದೆ ಉಬ್ಬಿತು. ಹತ್ತಿರ ಹೋಗಿ ನೋಡಿದರೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಗ್ಗ, ಹಗ್ಗದ ತುದಿಗೆ ಹಸುವೋ ಕರುವೋ.

"ಮಹಾಜನರೇ," ಅಂದರು ಡಾಕ್ಟರು.

"ಓಟು ನಿಮಗೇಯ ಬುದ್ದಿ. ಮೊದ್ಲು ಇದ್ರ ಬಾಯಿ ನೋಡ್ಬುಡಿ," ಅಂದ ಒಬ್ಬ.

ಭಾಷಣ ಅಲ್ಲಿಗೇ ನಿಂತಿತು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಡಾಕ್ಟರು ದನ ನೋಡ್ತಾ ಕೂತರು. ಅಷ್ಟರಲ್ಲಿ ರುಮಾಲಿನವರ ಪ್ರಚಾರದ ಗಾಡಿ ಬಂತು. ಎತ್ತು ಕುಂಟುತ್ತಿತ್ತು. "ಬೇಡಿ ಸಾರ್, ಅದು ಎದುರು ಪಾರ್ಟಿ ಎತ್ತು" ಅಂದೆ. "ಎತ್ತಿಗೆ ಪಾರ್ಟಿ ಗೊತ್ತೇನಯ್ಯಾ?" ಅಂತ ಗದರಿಸಿ, ಗೊರಸಿಗೆ ಚುಚ್ಚಿದ್ದ ಮುಳ್ಳು ಕಿತ್ತು ಔಷಧ ಹಾಕಿದರು. ಗಾಡಿಯವನು ಕೈ ಮುಗಿದು ಹೊರಟ.

ಸಂಜೆ ನಾವು ಮುಂದಿನ ಹಳ್ಳಿಗೆ ಹೋದಾಗ ಅವನು ಆಗಲೇ ಅಲ್ಲಿ ಗಾಡಿ ಮೇಲೆ ನಿಂತು ಕೂಗ್ತಿದ್ದ: "ನೋಡ್ರಪ್ಪಾ ಈ ಎತ್ತ! ಬೆಳಗ್ಗೆ ಕುಂಟ್ತಿತ್ತು, ಈಗ ಕುದ್ರೆ ಓಡ್ದಂಗೆ ಓಡ್ತದೆ. ಯಾರ್ ವಾಸಿ ಮಾಡಿದ್ದು? ದನದ ಡಾಕುಟ್ರು! ಅಂಥಾ ಮನ್ಸನ್ನ ಗೆಲ್ಸಿ ಮೈಸೂರ್ಗೆ ಕಳ್ಸ್‌ಬುಟ್ರೆ ನಿಮ್ ದನ ಯಾರ್ ನೋಡಾರು?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದೂ ದಿಟ ಕಣ್ಲಾ," ಅಂದರು. ಒಬ್ಬ ಮುದುಕ ಡಾಕ್ಟರ ಕೈ ಹಿಡಿದುಕೊಂಡು, "ನಿಮ್ಮನ್ನ ಸೋಲ್ಸೇ ಸೋಲಿಸ್ತೀವಿ ಬುದ್ದಿ, ನೀವೇನೂ ಎದ್ರುಕೋಬ್ಯಾಡಿ" ಅಂತ ಧೈರ್ಯ ಹೇಳಿದ.

ಒಡೆದ ಓಟು

ಚುನಾವಣೆಗೆ ನಾಲ್ಕು ದಿನ ಇದ್ದಾಗ ಟೋಪಿಯವರ ಮುಖಂಡರು ಡಾಕ್ಟರ ಮನೆಗೆ ಬಂದರು. "ನೀವು ಸಜ್ಜನರು. ಆದರೆ ನಿಮಗೆ ಬೀಳೋ ಓಟೆಲ್ಲ ನಮ್ಮವು. ನೀವು ನಿಂತರೆ ನಮ್ಮ ಓಟು ಒಡೆದು ಆ ಕಡೆಯವರು ಗೆದ್ದುಬಿಡ್ತಾರೆ. ದಯವಿಟ್ಟು ಕೂತುಬಿಡಿ."

ಅವರು ಕಾಫಿ ಲೋಟ ಕೆಳಗಿಡೋ ಹೊತ್ತಿಗೆ ರುಮಾಲಿನವರೇ ಬಾಗಿಲಿಗೆ ಬಂದರು. ಒಳಗಿದ್ದವರನ್ನು ನೋಡಿ ಸ್ವಲ್ಪ ತಡವರಿಸಿದರೂ ಹೇಳಬೇಕಾದ್ದು ಹೇಳಿಯೇ ಹೇಳಿದರು. "ಡಾಕ್ಟ್ರೇ, ನಿಮಗೆ ಬೀಳೋದೆಲ್ಲ ನಮ್ಮ ಓಟು. ನೀವು ಕೂತುಬಿಟ್ರೆ ದೊಡ್ಡ ಉಪಕಾರ."

ಡಾಕ್ಟರ ಮುಖ ಸಪ್ಪಗಾಯಿತು. ಎರಡೂ ಕಡೆಯವರಿಗೂ ತಾನೊಬ್ಬ ಕಂಟಕ ಆದೆನಲ್ಲ ಅಂತ ಅವರಿಗೆ ನಿಜವಾಗಿ ನೋವಾಗಿತ್ತು. ಕೂತೇಬಿಡೋಣ ಅಂತ ಬಾಯಿ ತೆರೆಯೋದರಲ್ಲಿದ್ದರು. ಅಷ್ಟರಲ್ಲಿ ಲೋಟ ತಗೊಂಡು ಹೋಗೋಕೆ ಬಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದರು:

"ಅಲ್ಲಾ, ನಿಮ್ಮ ಓಟೂ ಇವರಿಗೇ ಬೀಳ್ತವೆ, ಅವರ ಓಟೂ ಇವರಿಗೇ ಬೀಳ್ತವೆ ಅಂದ್ಮೇಲೆ ಗೆಲ್ಲೋರು ನಮ್ಮ ಯಜಮಾನ್ರೇ ಅಲ್ವಾ? ನೀವಿಬ್ಬರೂ ಯಾಕಪ್ಪಾ ನಿಂತಿದ್ದೀರಿ?"

ಅವತ್ತು ಕೂತವರೆಲ್ಲ ಎದ್ದು ಹೋದರು, ಡಾಕ್ಟರು ಮಾತ್ರ ಕೂರಲಿಲ್ಲ.

ಆ ಒಂದು ಓಟು

ಡಾಕ್ಟರ ಜಮೀನು ಇದ್ದದ್ದು ಮಳವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ಓಟೂ ಅಲ್ಲೇ. ಅಲ್ಲಿ ಓಟಿದ್ದ ಮಿಕ್ಕವರೆಲ್ಲ ರುಮಾಲಿನವರ ನೆಂಟರು. ಓಟಿನ ದಿನ ಬೇರೆ ಊರುಗಳನ್ನು ಸುತ್ತಿ ನಾವು ಅಲ್ಲಿಗೆ ಹೋದಾಗ ಮಧ್ಯಾಹ್ನ ಆಗಿತ್ತು. ಡಾಕ್ಟರು ಹೆಸರು ಹೇಳಿದರು. ಅಧಿಕಾರಿ ಪಟ್ಟಿ ನೋಡಿದರು.

"ಇವರು ಬೆಳಗ್ಗೆಯೇ ಹಾಕಿ ಹೋದರಲ್ಲಾ! ಇಲ್ಲಿ ಹೆಬ್ಬೆಟ್ಟು ಇದೆ."

"ಹೆಬ್ಬೆಟ್ಟೇ? ನಾನು ಓದಿದ ಡಾಕ್ಟರು ರೀ!"

"ನಾನೂ ಕೇಳಿದೆ ಸಾರ್. ಕನ್ನಡಕ ಮರೆತು ಬಂದಿದೀನಿ ಅಂದರು."

ಏನು ಹೇಳಿದರೂ ನಡೆಯಲಿಲ್ಲ. ಡಾಕ್ಟರು ತಮ್ಮ ಓಟೇ ತಮಗಿಲ್ಲದೆ ಸೈಕಲ್ ಹತ್ತಿದರು.

ಮಂಡ್ಯದಲ್ಲಿ ಎಣಿಕೆ ಆಯಿತು. ಗೆದ್ದವರು ಟೋಪಿಯವರು. ಆ ಹಳ್ಳಿಯ ನೇರಳೆ ಪೆಟ್ಟಿಗೆ ತೆಗೆದರೆ ಒಳಗೆ ಒಂದೇ ಒಂದು ಚೀಟಿ. ಡಾಕ್ಟರ ಕಣ್ಣು ಒದ್ದೆಯಾಯಿತು. "ನೋಡಯ್ಯಾ, ನಾನಂತೂ ಹಾಕಲಿಲ್ಲ. ಅಂಥಾ ಊರಲ್ಲೂ ಯಾವನೋ ಒಬ್ಬ ಧೈರ್ಯಸ್ಥ ಇದಾನೆ. ಅವನನ್ನ ನೋಡದೆ ನಾನು ಮನೆಗೆ ಹೋಗಲ್ಲ."

ಎಲೆ ಅಡಿಕೆ, ಬಾಳೆಹಣ್ಣು ತಗೊಂಡು ಇಬ್ಬರೂ ಆ ಊರಿಗೆ ಹೋದೆವು. ಅರಳಿಕಟ್ಟೆ ಮುಂದೆ ನಿಂತು ಡಾಕ್ಟರು, "ನನಗೆ ಓಟು ಹಾಕಿದ ಪುಣ್ಯಾತ್ಮ ಯಾರಪ್ಪಾ?" ಅಂದರು. ಕಟ್ಟೆ ಮೇಲೆ ಕೂತಿದ್ದ ರುಮಾಲಿನವರ ಗೇಣಿ ಒಕ್ಕಲೊಬ್ಬ ತಲೆ ಕೆರೆದುಕೊಂಡು ಎದ್ದ.

"ನಾನೇಯ ಬುದ್ದಿ."

ಡಾಕ್ಟರು ತಾಂಬೂಲ ಅವನ ಕೈಗಿಟ್ಟು, "ನಿಮ್ಮ ಧಣಿಗಳನ್ನ ಎದುರು ಹಾಕ್ಕೊಂಡು ನನಗೆ ಹಾಕಿದೆಯಲ್ಲೋ! ಯಾಕಪ್ಪಾ?" ಅಂದರು.

"ಅಯ್ಯೋ, ನಂಗೆಲ್ಲಿ ಓಟದೆ ಬುದ್ದಿ? ಧಣಿಗಳೇ ನಿಮ್ಮೆಸ್ರಲ್ಲಿ ಓಗಿ ತಮ್ ಪೆಟ್ಟಿಗೇಗೆ ಆಕ್ಬುಟ್ಟು ಬಾ ಅಂತ ಕಳ್ಸುದ್ರು. ಒಳೀಕ್ ಓದೆ. ನಾನೇ ಡಾಕುಟ್ರು ಅಂತ ಯೋಳ್ಬುಟ್ಟಿದ್ದೆ. ಡಾಕುಟ್ರಾಗಿ ಓಗಿ ಬ್ಯಾರೇವ್ರಿಗ್ ಆಕುದ್ರೆ ಅನ್ಮಾನ ಬರಾಕಿಲ್ವಾ? ಅದುಕ್ಕೆ ಎದ್ರುಕೊಂಡು ನಿಮ್ ಪೆಟ್ಟಿಗೇಗೇ ಆಕ್ಬುಟ್ಟೆ!"