ಕಾರ್ಬೊರೇಟರಿಗೆ ಶುಕ್ರವಾರದ ಪೂಜೆ

ಸ್ಕ್ರೂಡ್ರೈವರ್ ಕೈಗೆ ಬಂದ ಕೂಡಲೇ ಗಂಡಸಿಗೆ ತಾನೂ ಒಬ್ಬ ತಿಳಿದವನು ಅನ್ನಿಸತೊಡಗುತ್ತದೆ. ಹೆಂಗಸರಿಗೆ ಈ ಕಾಯಿಲೆ ಇಲ್ಲ. ಅವರು ಕುಕ್ಕರಿನ ಹಿಡಿ ಬಿಗಿ ಮಾಡಿ, ಸ್ಕ್ರೂಡ್ರೈವರನ್ನು ಎತ್ತಿಟ್ಟು, ಸಾರಿಗೆ ಒಗ್ಗರಣೆ ಹಾಕಲು ಹೋಗುತ್ತಾರೆ. ನಾವು ಮಾತ್ರ ಅದನ್ನು ಹಿಡಿದುಕೊಂಡು, ಸರಿಯಾಗಿಯೇ ಇರುವ ಇನ್ನೊಂದು ವಸ್ತು ಸಿಕ್ಕೀತೇ ಎಂದು ಮನೆಯೆಲ್ಲ ಹುಡುಕುತ್ತೇವೆ. ನಾನು ಮಧುಗಿರಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ಪಾಣಿಪತ್ ಕದನದ ಕಾರಣಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಒಂದು ಸ್ಕ್ರೂವನ್ನು ಎಡಕ್ಕೆ ತಿರುಗಿಸಿದರೆ ಏನಾಗುತ್ತದೆ ಎಂಬುದು ಇವತ್ತಿಗೂ ನನಗೆ ನೆಟ್ಟಗೆ ಅರ್ಥವಾಗಿಲ್ಲ.

ಐ.ಡಿ.ಹಳ್ಳಿಯ ನಮ್ಮ ಮನೆಯ ಹಿಂದೆ ಒಂದು ಹುಣಸೆಮರವಿದೆ. ಅದರ ಒಣಗಿದ ಕೊಂಬೆಯೊಂದು ಅಡುಗೆಮನೆಯ ಶೀಟಿನ ಮೇಲೆ ವಾಲಿಕೊಂಡಿತ್ತು. ಗಾಳಿ ಬೀಸಿದರೆ ಲಟಲಟ ಎನ್ನುತ್ತಿತ್ತು. ನನ್ನ ಹೆಂಡತಿ ರತ್ನ, ಅದು ಇಳಿಯುವವರೆಗೆ ಯಾರೂ ಆ ಕಡೆ ಸುಳಿಯಕೂಡದು ಎಂದು ಸ್ಟೌವನ್ನು ನಡುಮನೆಗೆ ತಂದಿಟ್ಟಳು. ಮರ ಕೊಯ್ಯುವವರನ್ನು ಕರೆಯಿರಿ ಅಂದಳು. ಅಷ್ಟಕ್ಕೆ ಅವರೇಕೆ ಎಂದು ನಾನು ತುಮಕೂರಿಗೆ ಹೋಗಿ ಪೆಟ್ರೋಲಿನಲ್ಲಿ ಓಡುವ ಒಂದು ಪುಟ್ಟ ಚೈನ್ ಸಾ, ಅಂದರೆ ಮರ ಕೊಯ್ಯುವ ಮಿಷನ್ನು, ಕೊಂಡು ತಂದೆ. ಸಮಾಜ ವಿಜ್ಞಾನದ ಮೇಷ್ಟ್ರಾದರೂ ನಾನು ಕೈಲಾಗದವನಲ್ಲ ಎಂದು ಅವಳಿಗೆ ತೋರಿಸಬೇಕಿತ್ತು.

ಮಿಷನ್ನಿನ ಪಕ್ಕದಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರಿಗೆ, ಮೂರು ಪುಟ್ಟ ಸ್ಕ್ರೂಗಳಿವೆ. ಎಲ್ ಎನ್ನುವುದು ನಿಧಾನದ ಓಟಕ್ಕೆ, ಎಚ್ ಎನ್ನುವುದು ಜೋರು ಓಟಕ್ಕೆ. ಮೂರನೆಯದು ಸುಮ್ಮನೆ ನಿಂತಾಗ ಮಿಷನ್ ಆಫ್ ಆಗದಂತೆ ನೋಡಿಕೊಳ್ಳುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಎಚ್ ಸಡಿಲ ಮಾಡಿ ಪೆಟ್ರೋಲು ಜಾಸ್ತಿ ಕೊಟ್ಟರೆ ಮಿಷನ್ ಗೊರಗೊರ ಎಂದು ಮಂಕಾಗುತ್ತದೆ. ಬಿಗಿ ಮಾಡಿ ಕಡಿಮೆ ಕೊಟ್ಟರೆ ಕಿರ್ರೆಂದು ಕೂಗಿ ಹಾರಾಡುತ್ತದೆ. ಹೊಟ್ಟೆಗೆ ಹಾಕಿದಷ್ಟೂ ಸುಸ್ತಾಗುವ, ಹಾಕದಿದ್ದರೆ ಕುಣಿಯುವ ಪ್ರಾಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಾವಗಡದ ತಿರುಮಣಿಯಲ್ಲಿರುವ ಭಾಮೈದನಿಗೆ ಫೋನಿನಲ್ಲಿ ಸದ್ದು ಕೇಳಿಸಿದರೆ, "ಕೊಂಚೆಂ ಲೂಸ್ ಮಾಡು ಬಾವ" ಅಂದ. ಅದೇ ಸದ್ದನ್ನು ಶಿರಾದಿಂದ ಬರುವ ನಮ್ಮ ಡ್ರಿಲ್ ಮೇಷ್ಟ್ರಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ತಲೆದೂಗಿ, ಜರಾ ಟೈಟ್ ಮಾಡಿ ಎಂದರು. ನಾನು ಇಬ್ಬರ ಮಾತಿಗೂ ಬೆಲೆ ಕೊಟ್ಟು ಸ್ವಲ್ಪ ಸಡಿಲಿಸಿ ಸ್ವಲ್ಪ ಬಿಗಿದೆ. ಸ್ಕ್ರೂ ಮೊದಲಿದ್ದ ಜಾಗಕ್ಕೇ ಬಂದು ನಿಂತಿತು.

ಇದಕ್ಕಿಂತ ತಲೆ ಕೆಡಿಸಿದ್ದು ಇನ್ನೊಂದು. ಸ್ಕೂಲಿನಿಂದ ಬಂದು ಗುರುವಾರ ಸಂಜೆ ಕೂತು ಹೇಗೋ ಹದಕ್ಕೆ ತಂದ ಮಿಷನ್ನು ಭಾನುವಾರ ಏಣಿ ಹಾಕುವ ಹೊತ್ತಿಗೆ ಹೊಗೆ ಕಾರಿ ಕೆಮ್ಮಿ ಸಾಯುತ್ತಿತ್ತು. ಮತ್ತೆ ಗುರುವಾರ ಸರಿ, ಮತ್ತೆ ಭಾನುವಾರ ಕೆಮ್ಮು. ನನಗೆ ವಾರದೋಷದಲ್ಲಿ ನಂಬಿಕೆ ಬರತೊಡಗಿತು. ನಡುವೆ ಬರುವ ಶುಕ್ರವಾರವನ್ನು ಮಾತ್ರ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಯುಧಪೂಜೆಗೆ ಕೂರಿಸಿದ ಮಿಷನ್ನನ್ನು ರತ್ನ ದೇವರ ಗೂಡಿನ ಕೆಳಗೇ ಉಳಿಸಿಕೊಂಡಿದ್ದಳು. ಪ್ರತಿ ಶುಕ್ರವಾರ ಅದಕ್ಕೆ ಮೂರು ಬೆರಳು ಅಗಲದ ವಿಭೂತಿ ಪಟ್ಟೆ, ಮೂರು ಸ್ಕ್ರೂಗಳಿಗೂ ಮೂರು ಕುಂಕುಮದ ಬೊಟ್ಟು, ಸಾಂಬ್ರಾಣಿ ಧೂಪ. ಎಲ್ ಯಾವುದು, ಎಚ್ ಯಾವುದು ಎಂದು ಅಕ್ಷರವೇ ಕಾಣುತ್ತಿರಲಿಲ್ಲ. ಸೌಭಾಗ್ಯವತಿಯಂತಿದ್ದ ಆ ಮಿಷನ್ನಿನ ಬೊಟ್ಟು ಅಳಿಸಲು ನನಗೂ ಮನಸ್ಸು ಬರುತ್ತಿರಲಿಲ್ಲ.

ಕಳೆದ ಭಾನುವಾರ ಬೇಸತ್ತು ಮೇಲಿನ ಮುಚ್ಚಳ ಬಿಚ್ಚಿದೆ. ವಿಭೂತಿಯನ್ನು ಅವಳು ಬಳಿಯುತ್ತಿದ್ದದ್ದು ಮಿಷನ್ ಗಾಳಿ ಎಳೆದುಕೊಳ್ಳುವ ಕಿಂಡಿಯ ಮೇಲೆ. ಒಳಗಿನ ಏರ್ ಫಿಲ್ಟರು ವಿಭೂತಿಗಟ್ಟಿಯೇ ಆಗಿತ್ತು. ತೊಳೆದು, ಒಣಗಿಸಿ, ಕೂರಿಸಿ, ಹೊಸದಾಗಿ ಸ್ಕ್ರೂ ಹೊಂದಿಸಿ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಎಂಥ ಸದ್ದು ಅಂತೀರಿ. ಎಕ್ಸಿಲರೇಟರು ಬಿಟ್ಟರೆ ಸಣ್ಣಗೆ ಗುನುಗುತ್ತದೆ, ಒತ್ತಿದರೆ ತಡವರಿಸದೆ ಏರುತ್ತದೆ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸದ್ದು ಕೇಳಿ ಬಂದು ನಿಂತ ರತ್ನಳಿಗೆ, ಓಡಲಿ ಎಂದು ಪೂಜೆ ಮಾಡಿ ನೀನೇ ಅದರ ಉಸಿರು ಕಟ್ಟಿಸಿದ್ದೀಯಲ್ಲ ಎಂದು ಜೋರಾಗಿಯೇ ಅಂದೆ.

"ಓಡ್ಲಿ ಅಂತ ಯಾರು ಮಾಡಿದ್ರು?" ಅಂದಳು. "ಓಡ್ದೆ ಇರ್ಲಿ ಅಂತ ಕಣ್ರೀ ನಾನು ಕೈ ಮುಗೀತಿದ್ದಿದ್ದು. ಬಲ್ಬು ಹಾಕಕ್ಕೆ ಸ್ಟೂಲು ಹತ್ತಿದ್ರೆ ನಿಮ್ ಕಾಲು ನಡುಗ್ತದೆ. ಇನ್ನ ಇದನ್ನ ಹಿಡ್ಕಂಡು ಮರ ಹತ್ತಿದ್ರೆ ಹೆಂಗೆ? ಸ್ಟೌ ನಡುಮನೇಲೇ ಇರ್ಲಿ ಬುಡಿ."

ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಬೇರೇನೋ. ತಲೆಯೆತ್ತಿ ಕೊಂಬೆಯನ್ನು ನೋಡಿದೆ. ಏಣಿಯನ್ನು ನೋಡಿದೆ. ಇಷ್ಟು ವಾರದಲ್ಲಿ ಆ ಕೊಂಬೆ ಅಷ್ಟು ಎತ್ತರ ಇದೆಯೆಂದು ನನಗೆ ಕಂಡೇ ಇರಲಿಲ್ಲ. ಕೈಯಲ್ಲಿ ಮಿಷನ್ನು ಯಾವ ತಂಟೆಯೂ ಇಲ್ಲದೆ ಗುನುಗುತ್ತಲೇ ಇತ್ತು. ಸ್ವಿಚ್ಚು ಒತ್ತಿ ಆರಿಸಿದೆ.

"ಇಲ್ಲ ಕಣೇ, ಎಚ್ ಸ್ಕ್ರೂ ಇನ್ನೂ ಸ್ವಲ್ಪ ಸರಿಯಿಲ್ಲ" ಎಂದೆ.

"ನಂಗೂ ಅಂಗೇ ಕೇಳಿಸ್ತು" ಅಂದವಳು, ಮರ ಕೊಯ್ಯುವವರಿಗೆ ಫೋನು ಮಾಡಲು ಒಳಗೆ ಹೋದಳು.