ಅರ್ಹ ಕುರ್ಚಿ

ಬೆಲೆಗಳು ಏರುವುದಕ್ಕೆ ಬಡವರ ಸುಖಲೋಲುಪತೆಯೇ ಮೂಲ ಕಾರಣವೆಂದು ತಜ್ಞರ ಸಮಿತಿಯೊಂದು ದೀರ್ಘ ಅಧ್ಯಯನದ ನಂತರ ಒಮ್ಮತದಿಂದ ತೀರ್ಮಾನಿಸಿತು. ಸಮಿತಿಯಲ್ಲಿ ಬಡವರು ಯಾರೂ ಇರಲಿಲ್ಲವಾದ್ದರಿಂದ ತೀರ್ಮಾನಕ್ಕೆ ಸ್ವಾರ್ಥದ ಸೋಂಕು ತಗಲಲಿಲ್ಲ. ಬಡವರು ಕೈಯಲ್ಲಿ ಕಾಸಿಲ್ಲದಾಗಲೂ ಮೆತ್ತಗಿರುವುದರ ಮೇಲೆ ಕೂರುತ್ತಾರೆ, ಮೆತ್ತಗೆ ಕೂತವರಿಗೆ ಏಳಲು ಮನಸ್ಸಾಗುವುದಿಲ್ಲ, ಏಳದವರು ದುಡಿಯುವುದಿಲ್ಲ, ದುಡಿಯದಿದ್ದರೆ ಸರಕು ಕಡಿಮೆಯಾಗಿ ಬೆಲೆ ಏರುತ್ತದೆ. ಸದಸ್ಯರು ಸೋಫಾಗಳಿಗೆ ಒರಗಿಕೊಂಡು ಈ ವರದಿಗೆ ಸಹಿ ಹಾಕಿದರು. ಆಮೇಲೆ ಬಹಳ ಹೊತ್ತು ಯಾರೂ ಏಳಲಿಲ್ಲ.

ವರದಿ ಬಂದ ಮೇಲೆ ಮಿತವ್ಯಯ ಇಲಾಖೆ ಸುಮ್ಮನಿರುವಂತಿರಲಿಲ್ಲ. ಬಡವರಿಗೆ ಕೊಡುತ್ತಿದ್ದ ವಿದ್ಯುತ್ ರಿಯಾಯಿತಿ ಇನ್ನು ಮುಂದೆ ನಿಜವಾದ ಬಡವರಿಗೆ ಮಾತ್ರ ಎಂದು ಪ್ರಕಟಣೆ ಹೊರಟಿತು. ಅದು ಬೀದಿ ಬೀದಿಯ ಗೋಡೆಗಳ ಮೇಲೆ ಹೀಗೆ ಅಂಟಿಕೊಂಡಿತ್ತು:

"ಸಾರ್ವಜನಿಕರ ಗಮನಕ್ಕೆ. ರಿಯಾಯಿತಿ ಬಯಸುವ ಮನೆಯಲ್ಲಿ ಸುಖವಿರತಕ್ಕದ್ದಲ್ಲ. ಸುಖವಿದೆಯೋ ಇಲ್ಲವೋ ಎಂಬುದನ್ನು ಇಲಾಖೆಯ ಪರಿಶೀಲಕರು ಖುದ್ದಾಗಿ ಕೂತು ನೋಡುವರು. ಪರಿಶೀಲನೆಯ ಕಾಲದಲ್ಲಿ ಮನೆಯವರು ನಗುವುದಾಗಲಿ ಅಳುವುದಾಗಲಿ ಮಾಡಿ ಪ್ರಭಾವ ಬೀರಕೂಡದು."

ಆ ಭಾಗದ ಪರಿಶೀಲಕ ನಡುವಯಸ್ಸಿನ ಸಾಧು ಮನುಷ್ಯ. ಅವನ ಕೆಲಸದ ಕ್ರಮ ಇಷ್ಟೇ: ಮನೆಗೆ ಹೋಗಬೇಕು, ಅಲ್ಲಿರುವ ಆಸನದ ಮೇಲೆ ಕೂರಬೇಕು, ಕಣ್ಣು ಮುಚ್ಚಬೇಕು. ಕೂಡಲೇ ಏಳಬೇಕೆನಿಸಿದರೆ ಬಡತನ. ಇನ್ನೂ ಸ್ವಲ್ಪ ಕೂರೋಣ ಅನಿಸಿದರೆ ಸುಖ. ಕೇಳುವುದಕ್ಕೆ ಸುಲಭ, ಆದರೆ ಇಲಾಖೆಯಲ್ಲಿ ಅವನಷ್ಟು ಸೂಕ್ಷ್ಮವಾಗಿ ಕೂರಬಲ್ಲವರು ಬೇರೆ ಇರಲಿಲ್ಲ. ಹಳೆ ಕಂಬಳಿಯನ್ನು ಬರೀ ಎರಡು ಮಡಿಕೆ ಮಾಡಿ ಹಾಸಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. "ಇದರಲ್ಲಿ ಸುಖ ಇದೆಯಮ್ಮ, ಕ್ಷಮಿಸಿ," ಎಂದು ಎದ್ದು ಬರುತ್ತಿದ್ದ. ಯಾರ ಮನೆಯಲ್ಲೂ ಒಂದು ಲೋಟ ನೀರು ಕೂಡ ಮುಟ್ಟಿದವನಲ್ಲ.

ಮನೆಯಲ್ಲಿ ಅವನ ತಾಯಿಗೆ ಮಗನ ಹುದ್ದೆಯ ಬಗ್ಗೆ ಒಂದೇ ಒಂದು ಆಕ್ಷೇಪವಿತ್ತು. ಆಕೆ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದು ಅಪರೂಪವಾಗಿದ್ದ ಕಾಲದಲ್ಲಿ ಬಿ.ಎ. ಮಾಡಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು.

"ಇಷ್ಟು ಓದಿಸಿದ್ದು ಕೂರೋ ಕೆಲಸಕ್ಕಾ?" ಎನ್ನುತ್ತಿದ್ದಳು.

"ಎಲ್ಲ ಆಫೀಸಲ್ಲೂ ಕೂರ್ತಾರಮ್ಮ."

"ಅವರು ಸಂಬಳಕ್ಕೆ ಕೂರ್ತಾರೆ. ನೀನು ತತ್ತ್ವಕ್ಕೆ ಕೂರ್ತೀಯ."

ಹೀಗೆ ಹೇಳುವಾಗ ಆಕೆ ಸ್ವತಃ ಕೂತಿರುತ್ತಿದ್ದದ್ದು ಬೆತ್ತದ ಆರಾಮಕುರ್ಚಿಯಲ್ಲಿ. ಒಂದು ಆಯುಷ್ಯವಿಡೀ ಕರಿಹಲಗೆಯ ಮುಂದೆ ನಿಂತು ಆಕೆಯ ಸೊಂಟ ಕೈಕೊಟ್ಟಿತ್ತು. ಬೇರೆ ಯಾವುದರ ಮೇಲೆ ಕೂತರೂ ಮತ್ತೆ ಎಬ್ಬಿಸಲು ಇಬ್ಬರು ಬೇಕು. ಕುರ್ಚಿಗೆ ಆಕೆಯ ಬೆನ್ನಿನ ಆಕಾರ ಬಂದಿತ್ತೋ, ಆಕೆಯ ಬೆನ್ನಿಗೆ ಕುರ್ಚಿಯ ಆಕಾರ ಬಂದಿತ್ತೋ, ಈಗ ಹೇಳುವುದು ಕಷ್ಟ.

ಪರಿಶೀಲಕ ತನ್ನ ಮನೆಯ ಹಿಂದಿನ ಬೀದಿಯನ್ನು ಪರೀಕ್ಷಿಸಲು ಹೊರಟಾಗ ಅಲ್ಲಿನವರು ಮೊದಲ ದಿನವೇ ಪಾಠ ಕಲಿತರು. ಇಸ್ತ್ರಿಯವನ ಹೆಂಡತಿ ಮರ್ಯಾದೆಗೆಂದು ಸ್ಟೂಲಿನ ಮೇಲೆ ದಿಂಬು ಹಾಕಿ ರಿಯಾಯಿತಿ ಕಳೆದುಕೊಂಡಿದ್ದಳು. ಅಂದೇ ಬೀದಿಯವರೆಲ್ಲ ಬಡಗಿಯ ಅಂಗಡಿಯ ಮುಂದೆ ಸೇರಿದರು. ಬಡಗಿಯ ಅಟ್ಟದ ಮೇಲೆ ಒಂದು ಕುರ್ಚಿಯಿತ್ತು. ಅವನು ಕಸುಬು ಕಲಿಯುವಾಗ ಮಾಡಿದ ಮೊದಲ ಕುರ್ಚಿ. ಮೂರು ಕಾಲು ಒಂದು ಕಡೆ, ನಾಲ್ಕನೆಯದು ತನ್ನ ಪಾಡಿಗೆ. ಕೂತರೆ ಮುಂದಕ್ಕೆ ಜಾರಿಸುತ್ತಿತ್ತು, ಜಾರದಂತೆ ಎಡಕ್ಕೊಂದು ಮೊಳೆ ಹಿಡಿದುಕೊಳ್ಳುತ್ತಿತ್ತು.

"ಇದನ್ನ ಯಾಕೆ ಇಟ್ಕೊಂಡಿದೀಯಣ್ಣ?" ಎಂದು ಇಸ್ತ್ರಿಯವನ ಹೆಂಡತಿ ಕೇಳಿದಳು.

"ನನ್ನ ಅಹಂಕಾರ ಇಳಿಸೋಕಮ್ಮ," ಎಂದ ಬಡಗಿ.

ಅಂದಿನಿಂದ ಆ ಕುರ್ಚಿ ಪರಿಶೀಲಕನಿಗಿಂತ ಒಂದು ಮನೆ ಮುಂದೆ ಓಡಾಡತೊಡಗಿತು. ಅವನು ಒಂದು ಮನೆಯ ಮುಂಬಾಗಿಲಿನಿಂದ ಹೊರಬಿದ್ದು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಕುರ್ಚಿ ಹಿತ್ತಲ ಗೋಡೆ ದಾಟಿ ಪಕ್ಕದ ಮನೆಯ ನಡುಮನೆಯಲ್ಲಿ ಗಂಭೀರವಾಗಿ ನಿಂತಿರುತ್ತಿತ್ತು. ಪರಿಶೀಲಕ ಎಲ್ಲ ಮನೆಗಳಲ್ಲೂ ಅದರ ಮೇಲೆಯೇ ಕೂತ, ಎಲ್ಲ ಮನೆಗಳಲ್ಲೂ ಥಟ್ಟನೆ ಎದ್ದ.

ಒಂದು ಕಡೆ ಮಾತ್ರ ಅವನು ಹುಬ್ಬೇರಿಸಿದ. "ಕುರ್ಚಿ ಬೆಚ್ಚಗಿದೆಯಲ್ಲಮ್ಮ?"

"ನೀವು ಬರ್ತೀರಿ ಅಂತ ಬಿಸಿಲಿಗೆ ಇಟ್ಟಿದ್ವಿ ಸಾರ್."

"ಬೆಚ್ಚಗಿರೋದು ಸುಖಕ್ಕೆ ಹತ್ತಿರ. ಇನ್ನು ಮುಂದೆ ನೆರಳಲ್ಲಿಡಿ."

ಪರಿಶೀಲಕ ಪ್ರಾಮಾಣಿಕ. ಎಷ್ಟೆಂದರೆ, ಬೇರೆಯವರು ಅಪ್ರಾಮಾಣಿಕರಾಗಬಹುದು ಎನ್ನುವುದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಅವನು ವರದಿಯಲ್ಲಿ ಬರೆದ: "ಈ ಬೀದಿಯ ಬಡವರಲ್ಲಿ ಅಭಿರುಚಿಯ ಅಪೂರ್ವ ಏಕತೆ ಕಂಡುಬಂದಿದೆ. ಪ್ರತಿ ಮನೆಯಲ್ಲೂ ಮೊಳೆ ಎಡಭಾಗಕ್ಕೇ ಇದೆ. ಬಡತನಕ್ಕೂ ಒಂದು ಶಿಸ್ತು ಇರುವುದನ್ನು ಇಲಾಖೆ ಗಮನಿಸಬಹುದು."

ಇಲಾಖೆ ಗಮನಿಸಿತು. ನಿರ್ದೇಶಕರು ವರದಿಯನ್ನು ಓದಿ ಭಾವುಕರಾದರು. ಬಡತನಕ್ಕೆ ಇಷ್ಟು ಸ್ಪಷ್ಟ ರೂಪ ಹಿಂದೆಂದೂ ಸಿಕ್ಕಿರಲಿಲ್ಲ. ಕುರ್ಚಿಯ ನಕ್ಷೆ ತಯಾರಾಯಿತು. ಅದಕ್ಕೆ 'ಅರ್ಹ ಕುರ್ಚಿ' ಎಂದು ಹೆಸರಿಟ್ಟು, ರಿಯಾಯಿತಿ ಬಯಸುವ ಪ್ರತಿ ಮನೆಯೂ ಒಂದನ್ನು ಹೊಂದಿರತಕ್ಕದ್ದು ಎಂದು ಆಜ್ಞೆ ಹೊರಟಿತು. ತಯಾರಿಕೆಯ ಗುತ್ತಿಗೆ ನಿರ್ದೇಶಕರ ಭಾವಮೈದನಿಗೆ ಹೋಯಿತು. ಬೇರೆ ಯಾರಿಗೂ ಇಷ್ಟು ಕೆಟ್ಟದಾಗಿ ಕುರ್ಚಿ ಮಾಡುವ ಅನುಭವವಿಲ್ಲವೆಂದು ಟೆಂಡರಿನಲ್ಲಿ ತಿಳಿದುಬಂದಿತ್ತು. ಮೊಳೆಗೆ ಐದು ವರ್ಷದ ಗ್ಯಾರಂಟಿ ಕೊಡಲಾಯಿತು.

ಬೇಡಿಕೆ ಹೆಚ್ಚಾಗಿ ಅರ್ಹ ಕುರ್ಚಿಯ ಬೆಲೆಯೂ ಏರಿತು. ಕೊನೆಗೆ ರಿಯಾಯಿತಿಯೇ ಬೇಕಿಲ್ಲದವರು ಮಾತ್ರ ಅದನ್ನು ಕೊಳ್ಳಬಹುದೆಂಬಲ್ಲಿಗೆ ಬಂದು ನಿಂತಿತು. ಊರಿನಲ್ಲಿ ಅರ್ಹ ಬಡವರ ಸಂಖ್ಯೆ ಸರ್ರನೆ ಇಳಿಯಿತು. ಬಡತನ ಇಳಿದಿದೆಯೆಂದು ಇಲಾಖೆ ಸಮಾರಂಭ ಮಾಡಿತು. ಸಾಲ ಮಾಡಿ ಕುರ್ಚಿ ಕೊಂಡ ಕೆಲವರನ್ನು ಕಂಡು ತಜ್ಞರ ಸಮಿತಿ, "ಬಡವರು ಪೀಠೋಪಕರಣಕ್ಕೆ ದುಡ್ಡು ಸುರಿಯುತ್ತಾರೆಂದು ನಾವು ಮೊದಲೇ ಹೇಳಿರಲಿಲ್ಲವೇ?" ಎಂದಿತು. ಹಿಂದಿನ ಬೀದಿಯವರು ಮಾತ್ರ ಬಡಗಿಯ ಮೂಲ ಕುರ್ಚಿಯನ್ನೇ ನಂಬಿಕೊಂಡು, ಬಾಯಿ ಬಿಡದೆ ಇದ್ದರು.

ಇಷ್ಟರಲ್ಲಿ ಪರಿಶೀಲಕನ ಸಂಬಳ ಎಲ್ಲಿತ್ತೋ ಅಲ್ಲೇ ಇತ್ತು. ಸಿಬ್ಬಂದಿಗೆ ಸಂಬಳ ಏರಿಸಿದರೆ ಸುಖ ತಗಲುವ ಅಪಾಯವಿದೆಯೆಂದು ಇಲಾಖೆಗೆ ಚಿಂತೆ. ಹೆಂಡತಿ ಮನೆಯಲ್ಲೇ ಮೋಟಾರಿನ ಯಂತ್ರದಲ್ಲಿ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಹೊಲಿಗೆಯಿಂದ ಬಂದದ್ದೆಲ್ಲ ಕರೆಂಟಿನ ಬಿಲ್ಲಿಗೆ ಹೋಗುವಂತಾಯಿತು, ಕೊನೆಗೆ ಅದೂ ಸಾಲದೆ ಬಾಕಿ ಉಳಿಯಿತು. ಒಂದು ದಿನ ಲೈನ್‌ಮನ್ ಬಂದು, "ಅಕ್ಕಾ, ವಾರದ ಕೊನೆಗೆ ಕಟ್ ಮಾಡ್ಬೇಕು, ಬೇಜಾರು ಮಾಡ್ಕೋಬೇಡಿ," ಎಂದು ಹೇಳಿ ಹೋದ. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ಒಲೆಯೂ. ಅವಳು ಗಂಡನಿಗೆ ಹೇಳದೆ ರಿಯಾಯಿತಿಗೆ ಅರ್ಜಿ ಹಾಕಿದಳು.

ಅರ್ಜಿ ಪರಿಶೀಲಕನ ಮೇಜಿಗೇ ಬಂತು. ಅವನು ನಿರ್ದೇಶಕರ ಬಳಿಗೆ ಓಡಿದ. "ಸಾರ್, ಇದು ನನ್ನ ಮನೆ. ಬೇರೆಯವರನ್ನ ಕಳಿಸಿ."

"ನಿಮ್ಮ ಭಾಗ, ನೀವೇ ಹೋಗಬೇಕು," ಎಂದರು ನಿರ್ದೇಶಕರು. "ನಿಮ್ಮೊಬ್ಬರಿಗೆ ಬೇರೆಯವರನ್ನ ಕಳಿಸಿದರೆ ಪಕ್ಷಪಾತ ಆಗುತ್ತೆ."

ಪರಿಶೀಲನೆಯ ದಿನ ಬೆಳಿಗ್ಗೆ ಪರಿಶೀಲಕ ಎಂದಿನಂತೆ ಮನೆಯಿಂದ ಹೊರಟು, ಆಫೀಸಿಗೆ ಹೋಗಿ ಹಾಜರಿ ಹಾಕಿ, ತಿರುಗಿ ಬಂದು ತನ್ನ ಮನೆಯ ಬಾಗಿಲು ತಟ್ಟಿದ.

"ಯಾರು ಬೇಕಿತ್ತು?" ಎಂದಳು ಹೆಂಡತಿ. ಅವಳು ಪ್ರಕಟಣೆಯನ್ನು ಚೆನ್ನಾಗಿ ಓದಿಕೊಂಡಿದ್ದಳು.

"ಮಿತವ್ಯಯ ಇಲಾಖೆಯಿಂದ."

"ಬನ್ನಿ ಸಾರ್. ಚಪ್ಪಲಿ ಹೊರಗಡೆ ಬಿಡಿ. ನಮ್ಮನೆಯವರೊಬ್ಬರು ಒಳಗಡೆವರೆಗೂ ಹಾಕ್ಕೊಂಡು ಬರ್ತಾರೆ, ಹೇಳಿ ಹೇಳಿ ಸಾಕಾಗಿದೆ."

ನಡುಮನೆಯಲ್ಲಿ ಆರಾಮಕುರ್ಚಿ ಇರುತ್ತಿದ್ದ ಜಾಗದಲ್ಲಿ ಎಡಕ್ಕೆ ಮೊಳೆಯಿದ್ದ ಕುರ್ಚಿ ನಿಂತಿತ್ತು. ಅವನು ಆಫೀಸಿಗೆ ಹೊರಟ ಕೂಡಲೇ ಇಸ್ತ್ರಿಯವನ ಹೆಂಡತಿ ಗೋಡೆಯ ಮೇಲಿಂದ ದಾಟಿಸಿದ್ದಳು.

"ಇದು ಯಾವಾಗಿಂದ ಇದೆ?" ಎಂದು ಪರಿಶೀಲಕ ಕೇಳಿದ.

"ನಮ್ಮ ಮಾವನ ಕಾಲದಿಂದ ಸಾರ್. ಮನೆ ಕಡೆ ಗಮನ ಇರೋವ್ರಿಗೆ ಗೊತ್ತಿರುತ್ತೆ."

ಅವನಿಗೆ ನಾಚಿಕೆಯಾಯಿತು. ತನ್ನ ಅಪ್ಪನ ಕಾಲದ ಕುರ್ಚಿಯನ್ನು ತಾನೇ ನೋಡಿರಲಿಲ್ಲವಲ್ಲ ಎಂದುಕೊಂಡು ಕೂತ, ಥಟ್ಟನೆ ಎದ್ದ. "ಬಡತನ ಇದೆಯಮ್ಮ. ಚೆನ್ನಾಗಿದೆ," ಎಂದ. ಹೆಂಡತಿ ಉಸಿರು ಬಿಟ್ಟಳು. ಆ ಹೊತ್ತಿಗೆ ಅಡುಗೆಮನೆಯ ಪರದೆಯ ಹಿಂದಿನಿಂದ ಬೆತ್ತ ಕಿರುಗುಟ್ಟುವ ಸದ್ದು ಬಂತು. ಹುಟ್ಟಿದಾಗಿನಿಂದ ಕೇಳಿದ ಸದ್ದು.

"ಒಳಗಡೆ ಇನ್ನೊಂದು ಆಸನ ಇದೆಯಾ?"

"ಅದು ಸೌದೆ ಸಾರ್," ಎಂದಳು ಹೆಂಡತಿ.

"ಸೌದೆ ಅಲ್ಲ ಕಣೇ," ಎಂದಿತು ಪರದೆಯ ಹಿಂದಿನ ದನಿ. "ನಿನ್ನ ಮಾತಿಗೆ ಇಲ್ಲಿ ಬಂದು ಕೂತಿದೀನಿ, ಅದು ಬೇರೆ. ಕೇಳಿದಾಗ ಇಲ್ಲ ಅನ್ನೋಕೆ ನನ್ನಿಂದಾಗಲ್ಲ. ಬಿ.ಎ. ಓದಿದವಳು, ಕದ್ದು ಬಡವಳಾಗೋ ಗತಿ ನಂಗೆ ಬಂದಿಲ್ಲ. ಬಾರೋ, ಇದನ್ನೂ ನೋಡು."

ಗೋಡೆ ಹಿಡಿದು ಆಕೆ ಎದ್ದು ನಿಂತಳು. ಪರಿಶೀಲಕ ಕರ್ತವ್ಯವೆಂದು ಕೂತ, ಕಣ್ಣು ಮುಚ್ಚಿದ. ಎಷ್ಟೋ ತಿಂಗಳುಗಳಿಂದ ಮೊಳೆಯ ಮೇಲೆಯೇ ಕೂತು ಎದ್ದಿದ್ದ ದೇಹ ಅದು. ಅವನು ತಿರುಗಿ ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು, ಮೈಮೇಲೆ ಯಾರೋ ಹೊದಿಕೆ ಹೊದಿಸಿದ್ದರು, ತಾಯಿ ಬಾಗಿಲಿಗೆ ಒರಗಿ ಇನ್ನೂ ನಿಂತೇ ಇದ್ದಳು.

"ಗೊರಕೆ ಹೊಡೆದೆ," ಎಂದಳು ಆಕೆ.

"ನಂಗೆ ಏಳೋಕೆ ಮನಸ್ಸಾಗ್ತಿಲ್ಲಮ್ಮ," ಎಂದ ಪರಿಶೀಲಕ, ಬಹಳ ದುಃಖದಿಂದ.

"ಮತ್ತೆ ಹಾಗೇ ಬರಿ."

"ಬರೆದರೆ ಕರೆಂಟು ಹೋಗುತ್ತೆ."

"ನಿದ್ದೆ ಮಾಡಿದ್ದು ನೀವು, ಸುಖಪಟ್ಟಿದ್ದು ನಾವಾ?" ಎಂದಳು ಹೆಂಡತಿ. ಆದರೆ ಪ್ರಶ್ನೆ ನಿಯಮಾವಳಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅವನು ಬರೆದ. ಆ ವಾರದ ಕೊನೆಗೆ ಲೈನ್‌ಮನ್ ಬಂದ. ತೋಳು ಅರ್ಧ ಹೊಲಿದ ಅಂಗಿಯೊಂದು ಯಂತ್ರದಲ್ಲಿ ಹಾಗೇ ನಿಂತಿತು.

ಪರಿಶೀಲಕನೇ ನಿದ್ದೆಹೋದ ಸುಖ ಇಲಾಖೆಯ ಇತಿಹಾಸದಲ್ಲೇ ಮೊದಲನೆಯದು. ನಿರ್ದೇಶಕರು ಆರಾಮಕುರ್ಚಿಯನ್ನು ಸುಖದ ಅಧಿಕೃತ ಮಾದರಿಯೆಂದು ಘೋಷಿಸಿ, ಲಾರಿ ಕಳಿಸಿ ತರಿಸಿಕೊಂಡು, ತಮ್ಮ ಕೊಠಡಿಯಲ್ಲಿ ಇರಿಸಿಕೊಂಡರು. ಪ್ರತಿದಿನ ಊಟದ ನಂತರ ಬಾಗಿಲು ಹಾಕಿಕೊಂಡು ಸ್ವತಃ ಅದನ್ನು ಪರೀಕ್ಷಿಸುತ್ತಿದ್ದಾರೆ.

"ಪರೀಕ್ಷೆ ಯಾವಾಗ ಮುಗಿಯುತ್ತಂತೆ?" ಎಂದು ತಾಯಿ ಕೇಳಿದಳು.

"ಅವರಿಗೂ ಇನ್ನೂ ಏಳೋಕೆ ಮನಸ್ಸಾಗಿಲ್ಲವಂತಮ್ಮ."

"ಹೂಂ. ಒಳ್ಳೇ ಕುರ್ಚಿ ಅದು," ಎಂದಳು ಆಕೆ. ಸ್ವಲ್ಪ ಹೆಮ್ಮೆಯೂ ಇತ್ತು.

ಸುಖ ಮನೆಬಿಟ್ಟು ಹೋದದ್ದರಿಂದ ಮತ್ತೆ ಅರ್ಜಿ ಹಾಕಲು ಅಡ್ಡಿಯಿರಲಿಲ್ಲ. ಎರಡನೆಯ ಪರಿಶೀಲನೆಯಲ್ಲಿ ಮೊಳೆಯ ಕುರ್ಚಿಯೊಂದೇ ಇತ್ತು. ಕರೆಂಟು ಬಂತು, ಯಂತ್ರ ಓಡಿತು, ಅಂಗಿಗೆ ತೋಳು ಕೂಡಿತು. ತಾಯಿ ಎಲ್ಲಿ ಕೂರಬೇಕೆನ್ನುವುದಕ್ಕೂ ದಾರಿ ಸಿಕ್ಕಿತು. ಪರಿಶೀಲಕ ಇಲಾಖೆಯ ನಿಯಮಾವಳಿಯ ದಪ್ಪ ಸಂಪುಟಗಳನ್ನು ಮನೆಗೆ ತಂದು, ಗೋಡೆಗೆ ಸೇರಿಸಿ ಆಕೆಯ ಸೊಂಟದ ಅಳತೆಗೆ ಜೋಡಿಸಿದ. ನಿಯಮಾವಳಿ ಆಸನವಲ್ಲವಾದ್ದರಿಂದ ಅದರ ಮೇಲೆ ಪರೀಕ್ಷೆ ನಡೆಸುವಂತಿಲ್ಲ.

ಆಕೆ ಹುಷಾರಾಗಿ ಕೂತಳು, ಅತ್ತಿತ್ತ ಸರಿದು ನೋಡಿದಳು.

"ಹೇಗಿದೆಯಮ್ಮ?"

"ತಿದ್ದುಪಡಿಗಳು ಒತ್ತುತ್ತವೆ," ಎಂದಳು. "ಆದರೂ ಇವು ಯಾರಿಗೋ ಒಬ್ಬರಿಗೆ ಉಪಯೋಗಕ್ಕೆ ಬಂದವಲ್ಲ."

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಇಸ್ತ್ರಿಯವನ ಹೆಂಡತಿಯ ಮುಖ ಕಾಣಿಸಿತು. ಪರಿಶೀಲಕ ಮನೆಯಲ್ಲೇ ಇರುವುದನ್ನು ಅವಳು ನೋಡಿರಲಿಲ್ಲ. "ಅಕ್ಕಾ, ನಿಮ್ಮದು ಮುಗೀತಾ? ನಾಳೆ ನಮ್ಮನೆ ಮರುಪರಿಶೀಲನೆ, ಕುರ್ಚಿ ಬೇಕಿತ್ತು," ಎಂದಳು. ಆಮೇಲೆ ನೋಡಿದಳು.

ಪರಿಶೀಲಕ ಕುರ್ಚಿಯ ಎಡಭಾಗವನ್ನು ನೋಡಿದ, ಮೊಳೆಯನ್ನು ಮುಟ್ಟಿದ. ಬೀದಿಯ ಮನೆಗಳೆಲ್ಲ ಒಂದೊಂದಾಗಿ ಅವನ ಮನಸ್ಸಿನಲ್ಲಿ ಹಾದುಹೋದವು. ತಾಯಿಯನ್ನು ಕೆಳಗಿಳಿಸಿ, ಸಂಪುಟಗಳನ್ನು ತೆರೆದು ಹುಡುಕಿದ. ಕುರ್ಚಿ ಮನೆಯಿಂದ ಮನೆಗೆ ನಡೆಯಬಾರದೆಂದು ಎಲ್ಲೂ ಬರೆದಿರಲಿಲ್ಲ. ಮತ್ತೆ ಅವನ್ನು ಜೋಡಿಸಿ ತಾಯಿಯನ್ನು ಕೂರಿಸಿದ.

"ಗೋಡೆ ಹತ್ತಿಸಬೇಡಿ, ಕಾಲು ಸಡಿಲ ಆಗುತ್ತೆ," ಎಂದ ಇಸ್ತ್ರಿಯವನ ಹೆಂಡತಿಗೆ.

"ನಮ್ಮವರಿಗೂ ಬೆನ್ನು ಹಿಡಿದಿದೆ ಸಾರ್. ಹೇಗೂ ನೀವು ನಮ್ಮನೆಗೇ ಬರೋವ್ರಲ್ವಾ."

"ಸರಿ, ತರ್ತೀನಮ್ಮ."

ಈಗ ಆ ಭಾಗದಲ್ಲಿ ಬೆಳಗಿನ ಹೊತ್ತು ಪರಿಶೀಲಕ ಕುರ್ಚಿಯನ್ನು ಹೆಗಲ ಮೇಲಿಟ್ಟುಕೊಂಡು ಮನೆಯಿಂದ ಮನೆಗೆ ಹೋಗುವುದನ್ನು ಯಾರೂ ತಿರುಗಿ ನೋಡುವುದಿಲ್ಲ. ಹೆಗಲಿಗೊಂದು ಮೆತ್ತೆ ಮಂಜೂರು ಮಾಡಬೇಕೆಂದು ಅವನು ಕೇಳಿಕೊಂಡದ್ದನ್ನು ಇಲಾಖೆ, ಅದು ಸುಖಕ್ಕೆ ಸಮೀಪವೆಂದು ತಳ್ಳಿಹಾಕಿತು. ತಳ್ಳಿಹಾಕಿದ್ದು ಸರಿಯೆಂದೇ ಅವನಿಗೂ ಅನಿಸಿತು. ಬಾಗಿಲು ತೆರೆದವರು ದಾರಿ ಬಿಡುತ್ತಾರೆ, ಅವನು ಕುರ್ಚಿಯನ್ನು ನಡುಮನೆಯಲ್ಲಿ ಇಳಿಸಿ, ಬೆವರು ಒರೆಸಿಕೊಂಡು, ಹೊರಗೆ ಹೋಗಿ ಮತ್ತೆ ಬಾಗಿಲು ತಟ್ಟುತ್ತಾನೆ.

"ಬನ್ನಿ ಸಾರ್, ಕೂತ್ಕೊಳ್ಳಿ."

ಅವನು ಕೂರುತ್ತಾನೆ, ಕಣ್ಣು ಮುಚ್ಚುತ್ತಾನೆ, ಥಟ್ಟನೆ ಏಳುತ್ತಾನೆ.

"ಈ ಕುರ್ಚಿ ಯಾವಾಗಿಂದ ಇದೆಯಮ್ಮ ನಿಮ್ಮನೇಲಿ?"

"ನಮ್ಮ ಮಾವನ ಕಾಲದಿಂದ ಸಾರ್."

"ಹೌದು, ನೋಡಿದ ನೆನಪಿದೆ," ಎಂದು ಬರೆದುಕೊಳ್ಳುತ್ತಾನೆ.