ಕಂಪ್ಯೂಟರಿನ ಹೊಟ್ಟೆಯಲ್ಲಿ ಹುಣಸೆಬೀಜ

ಯಂತ್ರಗಳ ವಿಷಯದಲ್ಲಿ ಹಿಂದೂಪುರದ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಇದು ಜಂಬವಲ್ಲ, ಆ ಬೀದಿಯ ದುರದೃಷ್ಟ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ಹುಣಸೆಹಣ್ಣಿನ ಮಂಡಿಯಲ್ಲಿ ತೂಕ ಬರೆಯುವ ಗುಮಾಸ್ತಿಕೆ. ಆದರೂ ಯಾರ ಮನೆಯ ರೇಡಿಯೋ ಗೊರಗೊರ ಎಂದರೂ ನನಗೇ ಕರೆ ಬರುತ್ತಿತ್ತು. ಹೋಗಿ ಬಿಚ್ಚುತ್ತಿದ್ದೆ, ಒರೆಸುತ್ತಿದ್ದೆ, ಮುಚ್ಚುತ್ತಿದ್ದೆ. ಅಷ್ಟಕ್ಕೂ ಬಗ್ಗದಿದ್ದರೆ ಪಕ್ಕಕ್ಕೊಂದು ಏಟು. ಮುಚ್ಚಿದ ಮೇಲೆ ಪ್ರತಿ ಸಲವೂ ಎರಡು ಸ್ಕ್ರೂ ಉಳಿದುಬಿಡುತ್ತಿದ್ದವು. ಅವನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಡಬ್ಬಿ ತುಂಬಿತ್ತು. ಅದನ್ನೇ ಅನುಭವ ಎಂದುಕೊಂಡಿದ್ದೆ!

ಹೀಗಿರುವಾಗ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ನನ್ನ ಹೆಂಡತಿ ಸರೋಜಳ ತಮ್ಮ ನಾಗರಾಜ ಬೆಂಗಳೂರಿನಿಂದ ರೈಲಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ನಮ್ಮ ಮನೆಯಲ್ಲಿ ಇಳಿಸಿದ. ಅವನ ಊರು ಕಲ್ಯಾಣದುರ್ಗ. ಮನೆತನದ ಕಸುಬು ಸೀರೆ ನೇಯುವುದು. ಮಗ್ಗವನ್ನು ಅಣ್ಣಂದಿರಿಗೆ ಬಿಟ್ಟು, ಲಗ್ನಪತ್ರಿಕೆ, ಅರ್ಜಿ, ಕರಪತ್ರಗಳನ್ನು ಟೈಪು ಮಾಡಿಕೊಡುವ ಅಂಗಡಿಯನ್ನು ವಿಜಯದಶಮಿಯ ದಿನ ತೆರೆಯುವುದಾಗಿ ಊರಿಗೆಲ್ಲ ಸಾರಿದ್ದ. ಊರಿಗೆ ಸಾರಿದ್ದರೆ ಅಡ್ಡಿಯಿರಲಿಲ್ಲ. ಓಬುಳಪ್ಪನವರಿಗೂ ಸಾರಿದ್ದ.

ಓಬುಳಪ್ಪನವರು ಅದೇ ಊರಿನ ಹಿರಿಯ ನೇಕಾರರು. ಅವರ ಮಗಳು ಪದ್ಮಾವತಿಯನ್ನು ನಾಗರಾಜನಿಗೆ ಕೇಳಿದ್ದೆವು. ಅವರು ಮೀಸೆ ತೀಡಿಕೊಂಡು, "ಮಗ್ಗ ಬಿಟ್ಟೋನಿಗೆ ಹೆಣ್ಣು ಹೆಂಗಪ್ಪಾ ಕೊಡಾದು? ದಶಮಿ ದಿನ ಬತ್ತೀನಿ. ಆ ಮಿಷಿನ್ ಓಡಿದ್ರೆ ತಾಂಬೂಲ. ಓಡದೇ ಇದ್ರೆ ನಮಸ್ಕಾರ" ಎಂದಿದ್ದರು. ಹುಡುಗನ ಮದುವೆ ಆ ತಗಡಿನ ಪೆಟ್ಟಿಗೆಯ ಒಳಗೆ ಕುಳಿತಿತ್ತು.

ಅಂಗಡಿಗೆ ಸುಣ್ಣ ಬಳಿಸಲು ನಾಗರಾಜ ಆ ದಿನವೇ ಊರಿಗೆ ಹೊರಟ. ಹೊರಡುವಾಗ ಕೈಮುಗಿದ.

"ಭಾವ, ಸೂಕ್ಷ್ಮದ ಸಾಮಾನು. ಬೆಂಗ್ಳೂರಾಗೆ ನನ್ನ ಕಣ್ಮುಂದೇನೇ ಹಾಕಿ ತೋರ್ಸವ್ರೆ, ಚೆನ್ನಾಗೈತೆ. ನೀವು ಮುಟ್ಬ್ಯಾಡಿ. ನೋಡ್ಕಳಿ, ಅಷ್ಟೆ."

"ನಂಗೇ ಹೇಳ್ತೀಯೇನ್ಲಾ? ನೀನು ಚಡ್ಡಿ ಹಾಕ್ಕಣ್ತಿದ್ದಾಗ್ಲೇ ನಾನು ರೇಡಿಯೋ ಬಿಚ್ಚಿದೋನು ಕಣ್ಲಾ!"

"ಅದ್ಕೇ ಹೇಳ್ತಾ ಇರಾದು ಭಾವ."

ಎರಡು ದಿನ ನಾನು ನೋಡಿಕೊಂಡೆ. ಬರೀ ನೋಡಿಕೊಂಡೆ. ಆದರೆ ಮೂರನೆಯ ದಿನ ಆಯುಧಪೂಜೆ!

ಆಯುಧಪೂಜೆಗೆ ನಮ್ಮಲ್ಲಿ ಕುಡುಗೋಲಿನಿಂದ ಹಿಡಿದು ಸೈಕಲ್ಲಿನವರೆಗೆ ಎಲ್ಲವನ್ನೂ ತೊಳೆದು, ಒರೆಸಿ, ವಿಭೂತಿ ಹಚ್ಚಿ ಇಡುತ್ತೇವೆ. ಧೂಳು ಹಿಡಿದ ಆಯುಧವನ್ನು ಪೂಜೆಗಿಟ್ಟರೆ ಮನೆತನಕ್ಕೆ ಅವಮಾನ. ಕಂಪ್ಯೂಟರಿನ ಹಿಂಬದಿಯ ತೂತಿನಲ್ಲಿ ಕಣ್ಣಿಟ್ಟು ನೋಡಿದೆ. ಒಳಗೆ ಬೆಂಗಳೂರಿನ ಧೂಳು ಒಂದು ಬೆರಳಷ್ಟು! ಕರ್ತವ್ಯ ನನ್ನನ್ನು ಕರೆಯಿತು. ಸ್ಕ್ರೂಡ್ರೈವರ್ ಹಿಡಿದುಕೊಂಡು ಪೆಟ್ಟಿಗೆಯನ್ನು ಹಿತ್ತಿಲಿಗೆ ಹೊತ್ತೊಯ್ದೆ.

ಹಿತ್ತಿಲಿನ ಕಲ್ಲಿನ ಮೇಲೆ ಸರೋಜ ಪೂಜೆಯ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು.

"ಅದ್ಯಾಕ್ರೀ ಇಲ್ಲಿಗೆ ತಂದ್ರಿ? ನಾಗ ಮುಟ್ಬ್ಯಾಡಿ ಅಂತ ಹೇಳಿಲ್ವಾ?"

"ಮುಟ್ತಾ ಇಲ್ಲ ಕಣೆ. ಧೂಳು ಹೊಡೀತಾ ಇವ್ನಿ."

ಮುಚ್ಚಳ ಬಿಚ್ಚಿದೆ. ಬಟ್ಟೆಯಲ್ಲಿ ಧೂಳು ಹೊಡೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಒಳಗೆ ಬಾಚಣಿಗೆಯಷ್ಟು ಉದ್ದದ ಎರಡು ಹಸಿರು ಪಟ್ಟಿಗಳು ನಿಂತಿದ್ದವು. ಎಳೆದೆ. ಬಂದುಬಿಟ್ಟವು. ಅವುಗಳ ಅಂಚಿನಲ್ಲಿ ಸಾಲಾಗಿ ಹಿತ್ತಾಳೆ ಬಣ್ಣದ ಹಲ್ಲುಗಳು. ಕಳೆಯೇ ಇಲ್ಲ, ಮಂಕು ಹಿಡಿದಿವೆ! ಅವು ಕಂಪ್ಯೂಟರಿನ ನೆನಪಿನ ಪಟ್ಟಿಗಳೆಂದು ನನಗೆ ಆಮೇಲೆ ಗೊತ್ತಾಯಿತು. ಆಗ ನನಗೆ ಗೊತ್ತಿದ್ದುದು ಒಂದೇ. ಮಂಕಾದ ಹಿತ್ತಾಳೆಗೆ ಹುಣಸೆಹಣ್ಣಿಗಿಂತ ದೊಡ್ಡ ಮದ್ದಿಲ್ಲ. ಮೂವತ್ತು ವರ್ಷ ಮಂಡಿಯ ಉಪ್ಪು, ಅಲ್ಲ ಹುಳಿ, ತಿಂದವನು ನಾನು!

ಸರೋಜ ದೀಪಗಳನ್ನು ತೊಳೆಯಲು ಬಚ್ಚಲಿಗೆ ಹೋದ ಸಮಯ ನೋಡಿ, ಅವಳ ಬಟ್ಟಲಿನಿಂದ ಒಂದು ಹಿಡಿ ತೆಗೆದುಕೊಂಡೆ. ಪಾತ್ರೆ ತಿಕ್ಕುವ ಹುಣಸೆ, ಬೀಜ ನಾರು ಎಲ್ಲ ಸೇರಿದ್ದು. ಹಲ್ಲುಗಳನ್ನು ಒಂದೊಂದಾಗಿ ತಿಕ್ಕಿದೆ. ಏನು ಹೊಳಪು! ಮದುಮಗಳ ಮೂಗುಬೊಟ್ಟಿನ ಹಾಗೆ! ಪಂಚೆಯ ಚುಂಗಿನಲ್ಲಿ ಒರೆಸಿ, ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಸಿಕ್ಕಿಸಿ ಮುಚ್ಚಿದೆ. ಎರಡು ಸ್ಕ್ರೂ ಉಳಿದವು. ಸರಿಯಾಗಿ ಎರಡೇ ಉಳಿದದ್ದರಿಂದ ನನಗೆ ಪೂರಾ ಧೈರ್ಯ ಬಂತು.

ಪೂಜೆ ಗಡದ್ದಾಗಿ ನಡೆಯಿತು. ಪರದೆಯ ಗಾಜಿಗೆ ಮೂರು ಪಟ್ಟೆ ವಿಭೂತಿ, ಪೆಟ್ಟಿಗೆಗೆ ಚೆಂಡುಹೂವಿನ ಹಾರ. ಪಕ್ಕದ ಮನೆಯ ಗಂಗಮ್ಮಜ್ಜಿ ಬಂದು ಕೈಮುಗಿದಳು. ಪೆಟ್ಟಿಗೆಯ ಮುಂದೆ ಫ್ಲಾಪಿ ತೂರಿಸುವ ಸೀಳು ಕಂಡಳು.

"ಹುಂಡಿನೂ ಮಡಗವ್ರೆ ನೋಡಮ್ಮಾ!" ಎಂದು ನಾನು ತಡೆಯುವಷ್ಟರಲ್ಲಿ ಒಂದು ನಾಲ್ಕಾಣೆ ಹಾಕಿಬಿಟ್ಟಳು. ದೇವರಿಗೆ ಹಾಕಿದ್ದನ್ನು ವಾಪಸು ತೆಗೆಯುವುದುಂಟೆ? ಹಾಗೇ ಬಿಟ್ಟೆ.

ಪೂಜೆಗಿಟ್ಟ ಸಾಮಾನನ್ನು ಆ ದಿನ ಕೆಲಸಕ್ಕೆ ಹಚ್ಚುವಂತಿಲ್ಲ. ಸಂಜೆ ಬಂದ ನಾಗರಾಜನೂ ಹಾರ, ವಿಭೂತಿ ನೋಡಿ, "ಒಳ್ಳೇ ಕೆಲ್ಸ ಮಾಡಿದ್ರಿ ಭಾವ" ಎಂದನೇ ಹೊರತು ಸ್ವಿಚ್ ಹಾಕಲಿಲ್ಲ. ಈ ಪದ್ಧತಿ ಮಾಡಿದ ಹಿರಿಯರಿಗೆ ನಮಸ್ಕಾರ. ನನ್ನ ರಿಪೇರಿ ಒಂದು ಇಡೀ ದಿನ ಮಾನವಾಗಿ ಬಾಳಿತು!

ಮರುದಿನ ಬೆಳಗಿನ ಬಸ್ಸಿನಲ್ಲಿ ಮೂವರೂ ಕಲ್ಯಾಣದುರ್ಗಕ್ಕೆ ಹೊರಟೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ರಸ್ತೆಯ ಪ್ರತಿ ಗುಂಡಿಗೂ ಅದರೊಳಗೆ ಗಡಕ್ ಗಡಕ್ ಎಂದು ಏನೋ ಉರುಳುತ್ತಿತ್ತು. ನಾಗರಾಜ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆಯ ಕಡಲೆಕಾಯಿ ಹೊಲ ನೋಡಿದೆ.

ಅಂಗಡಿಯಲ್ಲಿ ಓಬುಳಪ್ಪನವರು ನಡುಮಧ್ಯದ ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಹಿಂದೆ ಪದ್ಮಾವತಿ, ಬಾಗಿಲ ತುಂಬ ನೆಂಟರು. ನಾಗರಾಜ ತೆಂಗಿನಕಾಯಿ ಒಡೆದು, ಕಣ್ಣುಮುಚ್ಚಿ ಸ್ವಿಚ್ ಹಾಕಿದ.

ಗಾಜು ಕಪ್ಪಗೇ ಇತ್ತು. ಪೆಟ್ಟಿಗೆ ಮಾತ್ರ "ಕೂಂ... ಕೂಂ... ಕೂಂ..." ಎಂದು ಅಳತೊಡಗಿತು.

"ಏಮಯ್ಯಾ ಇದಿ?" ಏನಿದು ಎಂದು ತೆಲುಗಿನಲ್ಲಿ ಕೇಳಿದರು ಓಬುಳಪ್ಪನವರು.

ನಾನು ಮುಂದೆ ಬಂದೆ. "ಅದು ಶಂಖನಾದ ಯಜಮಾನ್ರೇ. ಶುಭದಿನ ಅಲ್ವಾ, ಮೊದ್ಲು ಹಂಗೇ ಕೂಗ್ತದೆ."

"ಎಷ್ಟೊತ್ತು ಕೂಗ್ತದೆ?"

ನಾನು ಪೆಟ್ಟಿಗೆಯ ಪಕ್ಕಕ್ಕೊಂದು ಏಟು ಕೊಟ್ಟೆ. ಕೂಗು ನಿಲ್ಲಲಿಲ್ಲ. ಗಡಕ್ ಎಂಬ ತಾಳ ಸೇರಿಕೊಂಡಿತು! ಓಬುಳಪ್ಪನವರು ಹೆಗಲ ಮೇಲಿನ ಟವಲು ಕೊಡವಿಕೊಂಡು ಎದ್ದರು. ನಾಗರಾಜನ ಮುಖ ಅಂಗಡಿಯ ಹೊಸ ಸುಣ್ಣಕ್ಕಿಂತ ಬೆಳ್ಳಗಾಗಿತ್ತು. ಆಗ ನನ್ನ ಬಾಯಿಂದ ಬಂತು, ಇಪ್ಪತ್ತೈದು ವರ್ಷ ನನ್ನನ್ನು ಸುಟ್ಟ ಆ ಮಾತು:

"ಆ ಬೆಂಗ್ಳೂರಿನೋನು ಮೋಸ ಮಾಡ್ಬುಟ್ಟ ಕಣೋ ನಾಗ! ಕೆಟ್ಟಿರೋ ಸಾಮಾನು ಕೊಟ್ಟವ್ನೆ!"

ಯಾವ ತಪ್ಪೂ ಮಾಡದ, ನಾನು ಮುಖವನ್ನೂ ನೋಡದ ಒಬ್ಬ ವ್ಯಾಪಾರಿ! ನಾಗರಾಜ ನನ್ನನ್ನೇ ಒಂದು ಗಳಿಗೆ ನೋಡಿ, ತುಟಿ ಕಚ್ಚಿಕೊಂಡು, ಎದುರಿನ ಎಸ್‌ಟಿಡಿ ಬೂತಿಗೆ ನುಗ್ಗಿದ. ಗಾಜಿನ ಬಾಗಿಲ ಹಿಂದೆ ಫೋನು ಹಿಡಿದು ಕೈಬೀಸಿ ಬೀಸಿ ಬೈಯುವುದು ಇಡೀ ಬೀದಿಗೆ ಕಾಣುತ್ತಿತ್ತು.

ಈ ನಡುವೆ ಪದ್ಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಅನಂತಪುರದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವಳಂತೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನಾವು ಕೇಳಿದ್ದು ಮುದ್ದೆ ಮಾಡಲು ಬರುತ್ತದೆಯೇ ಎಂದು ಮಾತ್ರ.

"ಅಂಕಲ್, ಸ್ಕ್ರೂಡ್ರೈವರ್ ಕೊಡಿ" ಎಂದಳು.

"ನಿಮ್ಮತ್ರ ಐತೆ ಅಲ್ವಾ" ಎಂದು ಸರೋಜ ನನ್ನ ಜೇಬನ್ನೇ ನೋಡಿದಳು. ಇತ್ತು.

ಹುಡುಗಿ ಮುಚ್ಚಳ ತೆಗೆದು ಮೂಗರಳಿಸಿದಳು. "ಅಮ್ಮಾ, ಒಳಗೆ ಸಾರಿನ ವಾಸ್ನೆ ಬತ್ತಾ ಐತೆ!" ಪೆಟ್ಟಿಗೆಯನ್ನು ಬೋರಲು ಮಾಡಿ ಅಲುಗಾಡಿಸಿದಳು. ನಾಲ್ಕಾಣೆ ಬಿತ್ತು. ಅಕ್ಷತೆ ಬಿತ್ತು. ಕೊನೆಗೆ ಟಣ್ ಎಂದು ಕಪ್ಪಗೆ ಹೊಳೆಯುವ ಒಂದು ಹುಣಸೆಬೀಜ ಬಿತ್ತು.

ಓಬುಳಪ್ಪನವರು ಅದನ್ನು ಹೆಕ್ಕಿ ಅಂಗೈ ಮೇಲಿಟ್ಟುಕೊಂಡರು. ಬೀಜ ನೋಡಿದರು, ನನ್ನನ್ನು ನೋಡಿದರು. "ಒಳ್ಳೇ ಸರಕು" ಎಂದರು. ಕಂಪ್ಯೂಟರನ್ನು ಹೊಗಳಿದರೆಂದು ನಾನು ಸಮಾಧಾನ ಪಟ್ಟುಕೊಂಡೆ.

ಪದ್ಮಾವತಿ ಹಸಿರು ಪಟ್ಟಿಗಳನ್ನು ಎಳೆದಳು. ಹಲ್ಲುಗಳ ಮೇಲೆ ಹುಣಸೆರಸ ಅಂಟಂಟಾಗಿ ಒಣಗಿತ್ತು. ಪೆನ್ಸಿಲ್ ಅಳಿಸುವ ರಬ್ಬರು ತರಿಸಿ ಹಲ್ಲುಗಳನ್ನು ಮೆತ್ತಗೆ ಉಜ್ಜಿದಳು, ಪುಡಿ ಊದಿದಳು, ಸಿಕ್ಕಿಸಿದಳು. ಅಷ್ಟೇ! ಸ್ವಿಚ್ ಹಾಕಿದರೆ ಒಂದೇ ಒಂದು "ಕೂಂ", ಆಮೇಲೆ ಗಾಜಿನ ತುಂಬ ಬೆಳಕು. ಕೀಲಿಗಳನ್ನು ಟಕಟಕ ಒತ್ತಿ ದಪ್ಪ ಅಕ್ಷರದಲ್ಲಿ ತನ್ನ ಅಪ್ಪನ ಹೆಸರು ಮೂಡಿಸಿದಳು.

ಓಬುಳಪ್ಪನವರು ತಮ್ಮ ಹೆಸರನ್ನು ಎರಡು ಸಲ ಓದಿಕೊಂಡರು. ಕುರ್ಚಿಯಲ್ಲಿ ಮತ್ತೆ ಕುಳಿತರು. "ಮಿಷಿನ್ ಓಡ್ತದೆ. ಆದ್ರೆ ನನ್ ಮಗ್ಳಿಲ್ದೆ ಓಡಂಗಿಲ್ಲ. ತಾಂಬೂಲ ತರ್ರಪ್ಪಾ!" ಎಂದರು.

ಮುಂದಿನ ತಿಂಗಳೇ ಮದುವೆಯಾಯಿತು. ಅಂಗಡಿಯೂ ಚೆನ್ನಾಗಿ ನಡೆಯಿತು. ನಾನು ಮಾತ್ರ ಬಾಯಿ ಬಿಡಲಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಆ ಅಂಗಡಿಗೆ ಹೋದಾಗ, ಯಂತ್ರದ ಮುಂದೆ ಬೆಳ್ಳಿ ತಟ್ಟೆಯಲ್ಲಿ ಒಂದು ಹುಣಸೆಬೀಜಕ್ಕೆ ಕುಂಕುಮವಿಟ್ಟು ಪೂಜಿಸುತ್ತಿದ್ದರು. ನೇಕಾರರ ಪದ್ಧತಿ ಇರಬೇಕೆಂದು ನಾನೂ ಕೈಮುಗಿಯುತ್ತಿದ್ದೆ. ಆದರೆ ಆ ಬೆಂಗಳೂರಿನ ವ್ಯಾಪಾರಿ ನೆನಪಾದಾಗಲೆಲ್ಲ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ. ನನ್ನ ಹುಣಸೆಗೆ ಅವನು ಬೈಗಳು ತಿಂದನಲ್ಲ! ಈಗ ವಯಸ್ಸು ಎಂಬತ್ತರ ಹತ್ತಿರ. ಇನ್ನು ತಡೆಯಲಾರೆನೆಂದು ಇಷ್ಟನ್ನೂ ಬರೆದು, ನಿನ್ನೆ ಸರೋಜಳ ಮುಂದೆ ಓದಿದೆ.

ಅವಳು ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದಳು. "ಇದ್ರಾಗೆ ಹೊಸಾದೇನೈತ್ರೀ? ಆವತ್ತೇ ಎಲ್ರಿಗೂ ಗೊತ್ತಾಯ್ತು. ಬೆಂಗ್ಳೂರಿನೋನು ಪೆಟ್ಟಿಗೆಯೊಳಗೆ ಹುಣಸೆಬೀಜ ಹಾಕಿ ಕೊಡ್ತಾನಾ? ತಟ್ಟೇಲಿ ಮಡಗಿ ಪೂಜೆ ಮಾಡ್ತಿದ್ರಲ್ಲ, ಅದು ಆ ಬೀಜಾನೇ. ಅವ್ರ ಲಗ್ನ ಮಾಡ್ಸಿದ ಬೀಜ ಅಂತ."

"ಮತ್ತೆ ಆ ವ್ಯಾಪಾರಿ? ನಾಗ ಫೋನಲ್ಲಿ ಅಷ್ಟೊಂದು ಬೈದನಲ್ಲ!"

"ಅಯ್ಯೋ, ನಂಬರೇ ಒತ್ತಿರ್ಲಿಲ್ಲ ಕಣ್ರೀ ಅವ್ನು! ನಿಮ್ ಸ್ಕ್ರೂಡ್ರೈವರ್ ಜೇಬಿಂದ ಇಣುಕ್ತಾ ಇತ್ತು. ನೋಡಿದೇಟ್ಗೆ ಗೊತ್ತಾಗೋಯ್ತು ಅವ್ನಿಗೆ. ನೆಂಟ್ರ ಮುಂದೆ ಭಾವನ ಮಾನ ಉಳೀಲಿ ಅಂತ ಬರೀ ಫೋನ್ ಹಿಡ್ಕಂಡು ಬೈದ. ಬೈದಿದ್ದೂ ನಿಮ್ಮನ್ನೇ!"

ಇಪ್ಪತ್ತೈದು ವರ್ಷ ನಾನು ಪಟ್ಟ ಪಶ್ಚಾತ್ತಾಪವೆಲ್ಲ ಯಾರೂ ಬೈಯದ ಮನುಷ್ಯನಿಗಾಗಿ! ತಪ್ಪೊಪ್ಪಿಗೆಯನ್ನಾದರೂ ಒಂದು ಸಲ ಸರಿಯಾಗಿ ಬಿಚ್ಚಿ, ಒರೆಸಿ, ಮುಚ್ಚೋಣವೆಂದರೆ ಇದರಲ್ಲೂ ಎರಡು ಸ್ಕ್ರೂ ಉಳಿದುಬಿಟ್ಟವು. ಸುಮ್ಮನೆ ಕಾಗದ ಮಡಚಿ, ಪಕ್ಕದಲ್ಲಿ ಬೆಳಗಿನಿಂದ ಸರಿಯಾಗಿ ಚಾರ್ಜ್ ಆಗದೆ ಬಿದ್ದಿದ್ದ ಮೊಬೈಲನ್ನು ಕೈಗೆತ್ತಿಕೊಂಡೆ.

ಸರೋಜ ಎದ್ದು ಹೋಗಿ ಹುಣಸೆಹಣ್ಣಿನ ಜಾಡಿಯನ್ನು ಅಟ್ಟದ ಮೇಲಿಟ್ಟು ಬಂದಳು.